ಸುಳ್ಳು ಹೆಸರಿನ ಸುನಾದ

ಪ್ಯಾರಿಸ್ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ, ಮೆರುಗೆಣ್ಣೆ ಬಳಿದ ಮೈಯ ಮೇಲೆ ಚೀನೀ ಶೈಲಿಯ ಚಿತ್ರಗಳನ್ನು ಬರೆಸಿಕೊಂಡ ಹಾರ್ಪ್ಸಿಕಾರ್ಡ್ ಒಂದುಂಟು. ಆಂಟ್‌ವರ್ಪಿನ ಹಾನ್ಸ್ ರುಕರ್ಸ್ ಎಂಬ ಮಹಾಕುಶಲಿಯ ಕೈಕೆಲಸವೆಂದು ದೀರ್ಘಕಾಲ ಮನ್ನಣೆ ಪಡೆದ ಆ ವಾದ್ಯವನ್ನು, ರುಕರ್ಸ್ ಕಾಲವಾಗಿ ಶತಮಾನಕ್ಕೂ ಮಿಗಿಲಾದ ತರುವಾಯ, 1749ಕ್ಕೆ ಮುನ್ನ, ಪ್ಯಾರಿಸಿನಲ್ಲಿಯೇ ಝಾಂ ಕ್ಲೋದ್ ಗೂಜೋಂ ಎಂಬಾತನು ರಚಿಸಿ, ತನ್ನ ಹೆಸರನ್ನು ಮರೆಮಾಡಿ, ಮೃತನ ಹೆಸರನ್ನು ಅದಕ್ಕೆ ತೊಡಿಸಿದನೆಂಬುದು ಕಡೆಗೆ ಬಯಲಾಯಿತು. ಪರರ ಕೃತಿಯನ್ನು ತನ್ನದೆನ್ನುವ ಕೃತಿಚೋರರು ನಮಗೆ ಅಪರಿಚಿತರಲ್ಲ. ತನ್ನ ಕೃತಿಯನ್ನು ಪರರದೆಂದು ಸಾಧಿಸಿದ ಈತನಿಗೆ ಯಾವ ದಂಡಸಂಹಿತೆಯಲ್ಲಿ ಸ್ಥಾನವೋ!

ಈ ವಿಚಿತ್ರ ವ್ಯಾಮೋಹಕ್ಕೆ ಕಾರಣವು ವಾದ್ಯದ ಸ್ವಭಾವದಲ್ಲಿಯೇ ಇದೆ. ಬೆರಳು ಮನೆಯೊಂದನ್ನು ಒತ್ತಿದೊಡನೆ ಅದರ ತುದಿಯಲ್ಲಿ ನಿಂತ ಮರದ ತೆಳುಪಟ್ಟಿ ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಮೊನೆಯು, ವೈಣಿಕನ ಉಗುರಿನಂತೆ, ತಂತಿಯನ್ನು ಮೀಟುತ್ತದೆ. ಬಲವಾಗಿ ಒತ್ತಿದರೂ ಮೆಲ್ಲನೆ ಒತ್ತಿದರೂ ನಾದದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆರಳು ಕೊಡಲಾರದುದನ್ನು ವಾದ್ಯದ ಶರೀರವೇ ಕೊಡಬೇಕು. ಅಂದರೆ, ತಂತಿಗಳ ಕೆಳಗೆ ಹಾಸಿದ ತೆಳುವಾದ ನಾದಫಲಕವೇ ಸಕಲವೂ. 1397ರಷ್ಟು ಹಿಂದೆಯೇ ಪಾದುವಾದ ನ್ಯಾಯಶಾಸ್ತ್ರಜ್ಞನೊಬ್ಬನ ಪತ್ರದಲ್ಲಿ, ಹರ್ಮನ್ ಪೋಲ್ ಎಂಬವನು ಇಂಥ ವಾದ್ಯವನ್ನು ತಾನೇ ಕಂಡುಹಿಡಿದುದಾಗಿ ಹೇಳಿಕೊಂಡ ಪ್ರಸ್ತಾಪವುಂಟು. ಮುಂದಿನ ಎರಡು ಶತಮಾನಗಳ ಕಥೆಯನ್ನು ಇಲ್ಲಿ ಬಿಟ್ಟರೆ ನಷ್ಟವಿಲ್ಲ.

ಹಾನ್ಸ್ ರುಕರ್ಸ್ 1579ರಲ್ಲಿ ಆಂಟ್‌ವರ್ಪಿನ ಸಂತ ಲ್ಯೂಕನ ಶ್ರೇಣಿಯನ್ನು, ಎಂದರೆ ಚಿತ್ರಕಾರರೇ ಮೊದಲಾದ ಕುಶಲಿಗಳ ಸಂಘವನ್ನು, ಸೇರಿದನು. ಆತನೂ, ಮಕ್ಕಳಾದ ಯೋವಾನೆಸ್ ಮತ್ತು ಆಂಡ್ರಿಯಾಸರೂ, ಮೊಮ್ಮಗ ಕೂಶೆಯೂ ಮಾಡಿದ ವಾದ್ಯಗಳ ನಾದಫಲಕದ ಮೇಲೆ ಹೂವು, ಹಕ್ಕಿ, ಕೀಟಗಳ ಚಿತ್ರಗಳು ಅರಳುತ್ತಿದ್ದವು. ನಡುವಿನ ರಂಧ್ರದಲ್ಲಿ ಹಾರ್ಪ್ ನುಡಿಸುವ ದೇವದೂತನ ಲೋಹದ ಪದಕವೂ ಕುಶಲಿಯ ಹೆಸರಿನ ಮೊದಲಕ್ಷರಗಳೂ ಇರುತ್ತಿದ್ದವು. ಮರ ಹಳತಾದಷ್ಟೂ ನಾದ ಪಕ್ವವಾಗುವುದೆಂಬ ನಂಬಿಕೆಯಿಂದ 18ನೆಯ ಶತಮಾನದ ಪ್ಯಾರಿಸ್ ಈ ವಾದ್ಯಗಳಿಗೆ ಮುಗಿಬಿದ್ದಿತು. ಆದರೆ ಅವುಗಳ ವ್ಯಾಪ್ತಿ ಸುಮಾರು ನಾಲ್ಕು ಸ್ಥಾಯಿ ಮಾತ್ರ. ಹೊಸ ರಚನೆಗಳಿಗೆ ಐದು ಬೇಕು. ಆದಕಾರಣ ಬ್ಲಾಂಶೆ, ಪಾಸ್ಕಾಲ್ ಟಾಸ್ಕಿನ್ ಮೊದಲಾದವರು ಹಳೆಯ ಪೆಟ್ಟಿಗೆಯನ್ನು ಕೊಯ್ದು, ಅಗಲಿಸಿ, ಹೊಸ ಮನೆಗಳನ್ನು ಜೋಡಿಸಿ, ಕೆಲವೊಮ್ಮೆ ಪುರಾತನ ಫಲಕದ ತುಂಡುಗಳನ್ನಷ್ಟೇ ಉಳಿಸಿಕೊಂಡು, ಅದೇ ರುಕರ್ಸನೆಂದು ಮಾರಿದರು. ತುಂಡು ಸಹ ಇಲ್ಲದೆ ಮಾರಬಹುದೆಂದು ಗೂಜೋಂ ಕಂಡುಕೊಂಡುದರಲ್ಲಿ ಆಶ್ಚರ್ಯವೇನು? ಟಾಸ್ಕಿನ್ ತಾನೂ ಹಿಂದೆ ಬೀಳಲಿಲ್ಲ. 1764ರಲ್ಲಿ ಗೋರ್ಮಾನ್ಸ್ ಎಂಬ ಪ್ಯಾರಿಸಿಗನು ಮಾಡಿದ ವಾದ್ಯವೊಂದು ಸುಮಾರು 1783ರಲ್ಲಿ ಆತನ ಕೈ ಸೇರಿ, ಕೂಶೆಯ ಕೃತಿಯಾಗಿ ಹೊರಬಂದಿತು. ಅದೀಗ ಎಡಿನ್‌ಬರೋದಲ್ಲಿದೆ.

ಅಷ್ಟರಲ್ಲಿ, ಫ್ಲಾರೆನ್ಸಿನ ಮೆದಿಚಿ ಅರಮನೆಯ ಆಶ್ರಯದಲ್ಲಿ ಸುಮಾರು 1700ರ ವೇಳೆಗೆ ಬಾರ್ತೊಲೊಮಿಯೊ ಕ್ರಿಸ್ತೊಫೊರಿಯು ನಿರ್ಮಿಸಿದ, ತಂತಿಯನ್ನು ಮೀಟದೆ ಪುಟ್ಟ ಸುತ್ತಿಗೆಯಿಂದ ಹೊಡೆಯುವ ಪಿಯಾನೊ, ಲೋಕವನ್ನು ಮೆಲ್ಲಮೆಲ್ಲನೆ ಗೆಲ್ಲುತ್ತಿತ್ತು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಶ್ರೀಮಂತರ ಮನೆಗಳಿಂದ ಜಪ್ತಿಯಾದ ವಾದ್ಯಗಳನ್ನು ಬ್ರೂನಿ ಎಂಬ ಪಿಟೀಲುವಾದಕನು ಶ್ರದ್ಧೆಯಿಂದ ಪಟ್ಟಿಮಾಡಿದನು. ಹಾಗೆ ಉಳಿದ ಹಾರ್ಪ್ಸಿಕಾರ್ಡುಗಳಲ್ಲಿ ಹಲವನ್ನು 1816ರ ಚಳಿಗಾಲದಲ್ಲಿ ಪ್ಯಾರಿಸಿನ ಸಂಗೀತಶಾಲೆಯವರು ಕೊಠಡಿಗಳನ್ನು ಬೆಚ್ಚಗಿಡಲು ಸೌದೆಯಾಗಿ ಉರಿಸಿದರೆಂಬ ಮಾತು ಪ್ರಚಲಿತವಾಗಿದೆ. ಸಂಗೀತ ಕಲಿಸುವವರೇ ಕೈಯಾರೆ ಎಸಗಿದ ಈ ದಹನವು ನಿಜವಾದರೆ, ಗೂಜೋಂನ ಕಪಟವನ್ನು ಕ್ಷಮಿಸಲು ನನಗೆ ಕ್ಷಣವೂ ಬೇಡ. ಸುಳ್ಳು ಹೆಸರಿನಿಂದಲಾದರೂ ಆತನ ವಾದ್ಯ ಬೆಂಕಿಯ ಪಾಲಾಗದೆ ನಿಂತಿದೆಯಲ್ಲವೆ?

ಪುನರುಜ್ಜೀವನದ ಕಥೆ ಇನ್ನೂ ವಿಪರ್ಯಾಸಕರ. 1912ರಿಂದ ವಾಂಡಾ ಲಾಂಡೋವ್‌ಸ್ಕಾ ನುಡಿಸಿದ, 1933ರಲ್ಲಿ ಬಾಖನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೃತಿಯನ್ನು ಧ್ವನಿಮುದ್ರಿಸಲು ಬಳಸಿದ ವಾದ್ಯಗಳು ಪ್ಲೆಯೆಲ್ ಎಂಬ ಪಿಯಾನೊ ಕಾರ್ಖಾನೆಯವು. ಕಾಲಿನಿಂದ ತುಳಿಯುವ ಪೆಡಲುಗಳು, ಕಾಲಕ್ರಮದಲ್ಲಿ ಸೇರಿಕೊಂಡ ಕಬ್ಬಿಣದ ಚೌಕಟ್ಟು, ಇವೆಲ್ಲ ಪುರಾತನರು ಕಾಣದ ಪರಿಕರಗಳು. ಹೆಸರು ಪ್ರಾಮಾಣಿಕ, ಶರೀರ ಅಪರಿಚಿತ. ಗೂಜೋಂನದು ಇದಕ್ಕೆ ತದ್ವಿರುದ್ಧ. ಆದರೂ ಆ ವಿದುಷಿಯ ಅಸಾಧಾರಣ ಪ್ರತಿಭೆಯಿಲ್ಲದಿದ್ದರೆ ಈ ವಾದ್ಯದ ಕಡೆಗೆ ಕಿವಿಗೊಡುವವರು ಎಷ್ಟು ಮಂದಿ ಇರುತ್ತಿದ್ದರು? 1949ರಲ್ಲಿ ಬಾಸ್ಟನ್ನಿನಲ್ಲಿ ಕಾರ್ಯಾಗಾರ ತೆರೆದ ಹಬ್ಬರ್ಡ್ ಮತ್ತು ಡೌಡ್, ಜರ್ಮನಿಯ ಬ್ರೆಮೆನ್ನಿನ ಮಾರ್ಟಿನ್ ಸ್ಕೋವ್ರೋನೆಕ್ ಮೊದಲಾದವರು ಹಳೆಯ ವಾದ್ಯಗಳನ್ನು ಅಳೆದು, ಹಳೆಯ ಕ್ರಮದಲ್ಲಿಯೇ ಹೊಸವನ್ನು ರಚಿಸತೊಡಗಿದರು.

ಈ ಸ್ಕೋವ್ರೋನೆಕ್ 1984ರಲ್ಲಿ, ಗುಸ್ತಾಫ್ ಲಿಯೋನ್‌ಹಾರ್ಟ್ ಎಂಬ ಡಚ್ ವಿದ್ವಾಂಸನಿಗೆಂದು ವಾದ್ಯವೊಂದನ್ನು ಮಾಡಿ, ರೂಆಂ ನಗರದ ನಿಕೊಲಾ ಲೆಫೆವ್ರ್, 1755 ಎಂದು ಅದಕ್ಕೆ ಹೆಸರಿಟ್ಟನು, ಬಲ್ಲವರೂ ನಂಬಿದರು. ವಂಚಿಸುವ ಉದ್ದೇಶ ತನಗಿರಲಿಲ್ಲವೆಂದು ಸ್ಪಷ್ಟಪಡಿಸುತ್ತ, 2002ರಲ್ಲಿ ಆತನೇ ವಿದ್ವತ್ಪತ್ರಿಕೆಯೊಂದರಲ್ಲಿ ಇಡೀ ವೃತ್ತಾಂತವನ್ನು ಬರೆದು ಪ್ರಕಟಿಸಿದನು. ಆ ವೇಳೆಗೆ ವಾದ್ಯದ ನಾದ ಲಿಯೋನ್‌ಹಾರ್ಟನ ಧ್ವನಿಮುದ್ರಿಕೆಗಳಲ್ಲಿ ಸೇರಿಹೋಗಿತ್ತು. ಸತ್ಯ ತಿಳಿದ ಮೇಲೂ ರಸಿಕರು ಅವುಗಳನ್ನು ಕೇಳುವುದನ್ನು ಬಿಟ್ಟಂತಿಲ್ಲ.