ಪುಟ ವಿನ್ಯಾಸ: ವಿದ್ಯಾರ್ಥಿಗಳಿಗೆ ಪ್ರಾಥಮಿಕ ಮಾಹಿತಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ವಿದ್ಯಾರ್ಥಿಗಳು ಬೆರಳಚ್ಚಿಗೆ ಮುನ್ನವೇ ಪುಟದ ಅಳತೆಯನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ. ಎ4 ಹಾಳೆಯ ಅಳತೆ 210 × 297 ಮಿ.ಮೀ. ಪುಟದ ಅಂಚುಗಳಲ್ಲಿ ಬಿಡುವ ಖಾಲಿ ಜಾಗವೇ ಮಾರ್ಜಿನ್. ಹೊಲಿಗೆಯ ಬದಿಗೆ ಬಿಡುವ ಹೆಚ್ಚುವರಿ ಜಾಗ ಗಟರ್. ಇದನ್ನು ಬಿಡದಿದ್ದಲ್ಲಿ ಅಕ್ಷರಗಳು ಬೈಂಡಿಂಗಿನಲ್ಲಿ ಮರೆಯಾಗುತ್ತವೆ.

ಅಕ್ಷರದ ಗಾತ್ರವನ್ನು ಪಾಯಿಂಟ್‌ಗಳಲ್ಲಿ ಅಳೆಯಲಾಗುತ್ತದೆ. 72 ಪಾಯಿಂಟ್‌ಗಳಿಗೆ 1 ಅಂಗುಲ. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ಅಂತರವೇ ಲೀಡಿಂಗ್. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಲೀಡಿಂಗ್ ಕನ್ನಡಕ್ಕೆ ಸಾಲದು. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಲೀಡಿಂಗ್ ಇಟ್ಟು ಒಂದು ಪುಟವನ್ನು ಮುದ್ರಿಸಿ, ‘ರಾಷ್ಟ್ರ’, ‘ಶಾಸ್ತ್ರ’ ಪದಗಳ ಒತ್ತುಗಳು ಕೆಳಸಾಲಿಗೆ ತಗಲುತ್ತವೆಯೇ ಎಂಬುದನ್ನು ಪರಿಶೀಲಿಸಿರಿ. ಮುದ್ರಣವಾದ ನಂತರ ತಿದ್ದುಪಡಿಗೆ ಅವಕಾಶವಿರುವುದಿಲ್ಲ.