ಜುಲೈ ನಾಲ್ಕರ ಅಡುಗೆ ಜುಲೈ ಮೂರಕ್ಕೇ ಮುಗಿಯಲಿ

ನಮ್ಮಲ್ಲಿ ಆಗಸ್ಟ್ 15 ಎಂದರೆ ಧ್ವಜವಂದನೆ, ಭಾಷಣ, ಕೈಯಲ್ಲೊಂದು ಲಾಡು. ಹತ್ತು ಗಂಟೆಗೆಲ್ಲ ಮಕ್ಕಳು ಮನೆಗೆ ವಾಪಸು. ಅಮೆರಿಕದ ಸ್ವಾತಂತ್ರ್ಯ ದಿನದ ರೀತಿಯೇ ಬೇರೆ. ಅಲ್ಲಿ ಜುಲೈ 4ರ ಹಬ್ಬ ನಡೆಯುವುದು ಹಿತ್ತಲಿನ ಹುಲ್ಲುಹಾಸಿನ ಮೇಲೆ. ಗ್ರಿಲ್‌ನಲ್ಲಿ ಇದ್ದಿಲು ಕೆಂಪಾಗುತ್ತದೆ, ನೆಂಟರಿಷ್ಟರು ಒಂದೊಂದು ಡಬ್ಬಿ ಹಿಡಿದು ಬರುತ್ತಾರೆ, ಕತ್ತಲಾದ ಮೇಲೆ ಬಾಣಬಿರುಸು. ಬಡಾವಣೆಗೆ ಬಡಾವಣೆಯೇ ಹೊಗೆಯಾಡುತ್ತದೆ.

ಫಿಲಡೆಲ್ಫಿಯಾದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿಗಳು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ್ದು 1776ರ ಜುಲೈ 4ರಂದು. ಬ್ರಿಟನ್ನಿನಿಂದ ಬೇರೆಯಾಗುವ ನಿರ್ಣಯಕ್ಕೆ ಮತ ಹಾಕಿದ್ದು ಅದಕ್ಕೂ ಎರಡು ದಿನ ಮುಂಚೆ. ಮುಂದೆ ಎರಡನೆಯ ಅಧ್ಯಕ್ಷರಾದ ಜಾನ್ ಆಡಮ್ಸ್, ಜುಲೈ 2ನ್ನೇ ಜನ ಆಟೋಟ, ದೀಪಾಲಂಕಾರಗಳಿಂದ ಆಚರಿಸುತ್ತಾರೆಂದು ಹೆಂಡತಿ ಅಬಿಗೈಲ್‌ಗೆ ಪತ್ರ ಬರೆದಿದ್ದರು. ದಿನಾಂಕ ತಪ್ಪಿತು, ಸಡಗರದ ಊಹೆ ಮಾತ್ರ ನಿಜವಾಯಿತು.

ಆದರೆ ಈ ಸಡಗರದಲ್ಲಿ ಒಬ್ಬರು ಸಿಕ್ಕಿಬೀಳುವುದುಂಟು: ಮನೆಯಾಕೆ. ಇಪ್ಪತ್ತು ಜನ ಬರುತ್ತಾರೆಂದು ಬೆಳಗಿನಿಂದ ಒಲೆ ಮುಂದೆ ನಿಂತು, ಬಡಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ಬಾಣಬಿರುಸಿನ ಸದ್ದು ಅಡುಗೆಮನೆಯ ಕಿಟಕಿಯಿಂದಲೇ ಕೇಳಿಸುತ್ತದೆ. ಅಲ್ಲಿ ನೆಲೆಸಿರುವ ಕನ್ನಡದ ಹೆಣ್ಣುಮಕ್ಕಳಿಗೂ, ಮಗಳ ಮನೆಗೆಂದು ಬೇಸಿಗೆಯಲ್ಲಿ ಹೋಗುವ ತಾಯಂದಿರಿಗೂ ಇದು ಹೊಸದಲ್ಲ. ಇದಕ್ಕೆ ಪರಿಹಾರ ಸುಲಭ. ಹಿಂದಿನ ದಿನವೇ ಮಾಡಿಡಬಹುದಾದ, ತಣ್ಣಗೆ ತಿನ್ನುವ ತಿನಿಸುಗಳನ್ನೇ ಆರಿಸಿಕೊಳ್ಳುವುದು. ಇಲ್ಲಿನ ಅಳತೆಗಳು ಸುಮಾರು ಹತ್ತು ಜನರಿಗೆ.

ಆಲೂಗೆಡ್ಡೆ ಸಲಾಡ್

ಇದಿಲ್ಲದೆ ಜುಲೈ ನಾಲ್ಕರ ಮೇಜು ತುಂಬುವುದಿಲ್ಲ. ಒಂದೂವರೆ ಕಿಲೋ ಆಲೂಗೆಡ್ಡೆಯನ್ನು ಸಿಪ್ಪೆಸಹಿತ ಉಪ್ಪುನೀರಿನಲ್ಲಿ ಬೇಯಿಸಿ. ಕರಗಿ ಹೋಗುವಷ್ಟು ಬೇಡ, ಚಾಕು ಸಲೀಸಾಗಿ ಇಳಿದರೆ ಸಾಕು. ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಹೋಳು ಮಾಡಿ, ಮೂರು ಚಮಚ ವಿನಿಗರ್ ಅಥವಾ ನಿಂಬೆರಸ ಚಿಮುಕಿಸಿ. ಬಿಸಿಯಲ್ಲಿ ಹುಳಿ ಒಳಗಿಳಿಯುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಮೇಲೆಯೇ ನಿಲ್ಲುತ್ತದೆ. ಆರಿದ ನಂತರ ಒಂದು ಬಟ್ಟಲು ಮೆಯೊನೇಸ್, ಒಂದು ಚಮಚ ರುಬ್ಬಿದ ಸಾಸಿವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಪುಡಿ, ಉಪ್ಪು ಬೆರೆಸಿ. ಮೊಟ್ಟೆ ತಿನ್ನದವರು ಮೆಯೊನೇಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಬಳಸಬಹುದು. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೆ ರುಚಿ ಹೆಚ್ಚು.

ಸುಟ್ಟ ಜೋಳ

ಮುಸುಕಿನ ಜೋಳವನ್ನು ಸಿಪ್ಪೆಸಹಿತ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಾಗೆಯೇ ಗ್ರಿಲ್ ಮೇಲಿಡಿ. ಆಗಾಗ ಹೊರಳಿಸುತ್ತಿದ್ದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಒಳಗಿನ ಕಾಳು ಹಬೆಯಲ್ಲಿ ಬೇಯುತ್ತದೆ. ಅಮೆರಿಕನ್ನರು ಬೆಣ್ಣೆ ಸವರುತ್ತಾರೆ. ನಮ್ಮವರಿಗೆ ನಿಂಬೆಹೋಳಿನಿಂದ ಉಪ್ಪು, ಖಾರದಪುಡಿ ಉಜ್ಜಿದರೆ ಮಳೆಗಾಲದ ಬೆಂಗಳೂರಿನ ರಸ್ತೆ ನೆನಪಾಗುತ್ತದೆ. ಸಸ್ಯಾಹಾರಿ ಅತಿಥಿಗಳಿದ್ದರೆ ಸರಳುಗಳನ್ನು ಚೆನ್ನಾಗಿ ಉಜ್ಜಿ, ಜೋಳವನ್ನು ಮೊದಲು ಸುಟ್ಟು ತೆಗೆದು, ಮಾಂಸವನ್ನು ಆಮೇಲೆ ಇಡುವುದು ಒಳ್ಳೆಯದು. ಮೇಜಿನ ಮೇಲಿನ ಇನ್ನೊಂದು ಮಾಮೂಲು ತಿನಿಸಾದ ಬೇಯಿಸಿದ ಬೀನ್ಸ್‌ನ ಡಬ್ಬಿಯಲ್ಲಿ ಹಂದಿಮಾಂಸ ಸೇರಿರುವುದುಂಟು. ಚೀಟಿ ಓದಿ ಕೊಳ್ಳಿ.

ಕೋಸಂಬರಿ

ಅಮೆರಿಕದ ಕನ್ನಡ ಮನೆಯಿಂದ ಇಂಥ ಕೂಟಕ್ಕೆ ಒಯ್ಯಲು ಇದಕ್ಕಿಂತ ಸುಲಭದ್ದು ಬೇರೆ ಬೇಕೆ? ಒಲೆಯ ಕೆಲಸ ಒಗ್ಗರಣೆಯಷ್ಟೇ. ಒಂದೂವರೆ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಿರಿ. ಹೆಚ್ಚಿದ ಎರಡು ಸೌತೆಕಾಯಿ, ತುರಿದ ಒಂದು ಕ್ಯಾರೆಟ್, ಅರ್ಧ ಬಟ್ಟಲು ತೆಂಗಿನತುರಿ, ಕೊತ್ತಂಬರಿಸೊಪ್ಪು ಬೆರೆಸಿ, ಸಾಸಿವೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ. ಉಪ್ಪು, ನಿಂಬೆರಸವನ್ನು ಮಾತ್ರ ಬಡಿಸುವಾಗ ಹಾಕಿ. ಮೊದಲೇ ಉಪ್ಪು ಬಿದ್ದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ.

ಬಾವುಟದ ಶ್ರೀಖಂಡ

ಜುಲೈನಲ್ಲಿ ಅಲ್ಲಿ ಸ್ಟ್ರಾಬೆರಿ, ಬ್ಲೂಬೆರಿ ಹಣ್ಣುಗಳು ಧಾರಾಳ. ಕೆಂಪು, ಬಿಳಿ, ನೀಲಿ ಬಾವುಟವನ್ನೇ ಸಿಹಿಯಾಗಿಸುವ ಪದ್ಧತಿ ಬಂದದ್ದು ಹೀಗೆ. ಕೇಕ್ ಮಾಡುವ ಶ್ರಮ ಬೇಡದವರು ಹೀಗೆ ಮಾಡಬಹುದು. ಎರಡು ಲೀಟರ್ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್‌ನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಬಟ್ಟಲು ಪುಡಿಸಕ್ಕರೆ, ಏಲಕ್ಕಿ ಸೇರಿಸಿ ಕಡೆದು, ಅಗಲವಾದ ತಟ್ಟೆಯಲ್ಲಿ ಸಮನಾಗಿ ಹರಡಿ. ಮೇಲಿನ ಎಡಮೂಲೆಗೆ ಬ್ಲೂಬೆರಿ, ಉಳಿದಲ್ಲಿ ಸೀಳಿದ ಸ್ಟ್ರಾಬೆರಿಯ ಸಾಲುಗಳು. ನಿಜವಾದ ಬಾವುಟದಲ್ಲಿ ಹದಿಮೂರು ಪಟ್ಟಿಗಳೂ, 1960ರ ಜುಲೈ 4ರಿಂದ ಐವತ್ತು ನಕ್ಷತ್ರಗಳೂ ಇವೆ. ತಟ್ಟೆಯಲ್ಲಿ ಅಷ್ಟು ಎಣಿಸುತ್ತ ಕೂರಬೇಕಿಲ್ಲ, ಮಕ್ಕಳ ಕೈಗೆ ಕೊಟ್ಟುಬಿಡಿ. ಹಣ್ಣು ರಸ ಬಿಡುವುದರಿಂದ ಜೋಡಿಸುವ ಕೆಲಸ ಬಡಿಸುವ ಮುನ್ನ ಇರಲಿ.

ಪಾನಕ, ಕಲ್ಲಂಗಡಿ

ನಿಂಬೆ ಶರಬತ್ತು ಅಲ್ಲಿಯೂ ಬೇಸಿಗೆಯ ಪಾನೀಯವೇ. ಒಂದು ಹೂಜಿ ಬೆಲ್ಲದ ಪಾನಕವನ್ನೂ ಪಕ್ಕದಲ್ಲಿಡಿ: ಎರಡೂವರೆ ಲೀಟರ್ ನೀರಿಗೆ ಎರಡು ಬಟ್ಟಲು ಬೆಲ್ಲದಪುಡಿ, ನಾಲ್ಕು ನಿಂಬೆಹಣ್ಣಿನ ರಸ, ಏಲಕ್ಕಿ, ಚಿಟಿಕೆ ಶುಂಠಿಪುಡಿ. ಕಲ್ಲಂಗಡಿಯನ್ನು ಹೆಚ್ಚುವ ಮೊದಲು ಹೊರಗಿನಿಂದ ತೊಳೆಯಿರಿ. ಇಲ್ಲದಿದ್ದರೆ ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಜೊತೆ ತಿರುಳಿಗೆ ಹೋಗುತ್ತದೆ.

ಬಿಸಿಲಿನ ಬಗ್ಗೆ ಎಚ್ಚರ

ಹೊರಗಿನ ಊಟದಲ್ಲಿ ಹೊಟ್ಟೆ ಕೆಡುವುದು ಸಾಮಾನ್ಯವಾಗಿ ಅಡುಗೆಯ ತಪ್ಪಿನಿಂದಲ್ಲ, ಮೇಜಿನ ಮೇಲೆ ಬಹಳ ಹೊತ್ತು ಬಿಟ್ಟಿದ್ದರಿಂದ. ಅಮೆರಿಕದ ಕೃಷಿ ಇಲಾಖೆಯ ಸೂಚನೆ ಸರಳ. ಕೆಡುವಂಥ ಪದಾರ್ಥವನ್ನು ಫ್ರಿಜ್‌ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ. ಸಲಾಡ್ ಕೆಟ್ಟರೆ ಎಲ್ಲರೂ ಮೆಯೊನೇಸನ್ನು ದೂರುತ್ತಾರೆ. ಆದರೆ ಅಂಗಡಿಯ ಮೆಯೊನೇಸ್‌ನಲ್ಲಿ ಹುಳಿ ಇರುತ್ತದೆ. ಬಿಸಿಲಿಗೆ ಬೇಗ ಕೆಡುವುದು ಬೆಂದ ಆಲೂಗೆಡ್ಡೆ, ಮೊಟ್ಟೆ. ದೊಡ್ಡ ಬೋಗುಣಿಯಲ್ಲಿ ಮಂಜುಗಡ್ಡೆ ತುಂಬಿ ಅದರ ಮೇಲೆ ಸಲಾಡ್, ಶ್ರೀಖಂಡದ ಪಾತ್ರೆ ಇಡಿ. ಎಲ್ಲವನ್ನೂ ಒಮ್ಮೆಗೇ ಹೊರಗೆ ತರದೆ ಸ್ವಲ್ಪ ಸ್ವಲ್ಪವೇ ತನ್ನಿ.

ಹೀಗೆ ಮಾಡಿದರೆ ಮೂರರ ರಾತ್ರಿಯೇ ಸಲಾಡ್ ಸಿದ್ಧ, ಮೊಸರು ಕಟ್ಟಿಟ್ಟಾಗಿದೆ, ಪಾನಕ ತಣ್ಣಗಾಗುತ್ತಿದೆ. ಮರುದಿನ ಉಳಿಯುವುದು ಜೋಳ ಸುಡುವ ಕೆಲಸ. ಅದನ್ನು ಮನೆಯ ಗಂಡಸರಿಗೆ ಬಿಡಬಹುದು. ಜುಲೈನಲ್ಲಿ ಅಲ್ಲಿ ಅನೇಕ ಕಡೆ ಕತ್ತಲಾಗುವುದೇ ಒಂಬತ್ತರ ಸುಮಾರಿಗೆ. ಅಷ್ಟರೊಳಗೆ ಕಾಗದದ ತಟ್ಟೆಗಳು ಕಸದ ಚೀಲ ಸೇರಿ, ಹುಲ್ಲಿನ ಮೇಲೆ ಹಾಕಿದ ಕುರ್ಚಿಗಳಲ್ಲಿ ಒಂದು ಆಕೆಗೂ ಇರಲಿ.