ಇಚ್ಛೆಯಿಂದ ಭವಿಷ್ಯತ್ತಿಗೆ: ಸರ್ಬೋ-ಕ್ರೊಯೇಶಿಯನ್ನಿನ ‘ಹ್ತ್ಯೆತಿ’ ಕ್ರಿಯಾಪದ

ಸರ್ಬೋ-ಕ್ರೊಯೇಶಿಯನ್ ಭಾಷೆಯಲ್ಲಿ ‘ಬಯಸು, ಇಚ್ಛಿಸು’ ಎಂಬ ಅರ್ಥದ ಕ್ರಿಯಾಪದ ‘ಹ್ತ್ಯೆತಿ’. ಸರ್ಬಿಯದ ಶಿಷ್ಟಭಾಷೆಯಲ್ಲಿ ಇದು ‘ಹ್ತೆತಿ’ ಎಂದಾಗುತ್ತದೆ. ‘ಯಾತ್’ ಎಂದು ಕರೆಯಲಾಗುವ ಪ್ರಾಚೀನ ಸ್ಲಾವಿಕ್ ಸ್ವರವು ಪ್ರದೇಶಾನುಸಾರ ಬೇರೆಬೇರೆಯಾಗಿ ಪರಿಣಮಿಸಿದ್ದೇ ಈ ಭೇದಕ್ಕೆ ಕಾರಣ. ರಷ್ಯನ್ನಿನ ‘ಖೊತೆತ್’, ಚೆಕ್ಕಿನ ‘ಖ್ತೀತ್’ ಇದರ ಸಜಾತಿಗಳು.

ವರ್ತಮಾನದ ರೂಪಗಳು ಹೀಗಿವೆ: ಹೊಚು (ನಾನು), ಹೊಚೆಶ್ (ನೀನು), ಹೊಚೆ (ಅವನು, ಅವಳು), ಹೊಚೆಮೊ (ನಾವು), ಹೊಚೆತೆ (ನೀವು), ಹೊಚೆ (ಅವರು). ಇಲ್ಲಿನ ಚಕಾರವು ಕನ್ನಡದ ಚಕಾರಕ್ಕಿಂತ ಮೃದು. ಧಾತುವಿನ ತಕಾರವು ಯಕಾರದೊಡನೆ ಬೆರೆತು ಹುಟ್ಟಿದ್ದು. ಉತ್ತಮಪುರುಷ ಏಕವಚನದಲ್ಲಿ ಉಳಿದ ಕ್ರಿಯಾಪದಗಳೆಲ್ಲ ‘-ಮ್’ ಪ್ರತ್ಯಯಕ್ಕೆ ಒಲಿದಿರುವಾಗ, ಶಿಷ್ಟಭಾಷೆಯಲ್ಲಿ ಹಳೆಯ ‘-ಉ’ವನ್ನು ಕಾಯ್ದುಕೊಂಡಿರುವವು ಇದು ಮತ್ತು ‘ಮೊಗು’ (ಬಲ್ಲೆ, ಶಕ್ತನಾಗಿದ್ದೇನೆ) ಎರಡೇ. ಭೂತಕೃದಂತವು ಪುಲ್ಲಿಂಗದಲ್ಲಿ ‘ಹ್ತಿಯೊ’ ಅಥವಾ ‘ಹ್ತೆಯೊ’.

ಈ ಪದದ ನಿಜವಾದ ಸ್ವಾರಸ್ಯವಿರುವುದು ಅದರ ಸವೆತದಲ್ಲಿ. ಮೊದಲ ಅಕ್ಷರ ಕಳಚಿದ ‘ಚು, ಚೆಶ್, ಚೆ, ಚೆಮೊ, ಚೆತೆ, ಚೆ’ ಎಂಬ ರೂಪಗಳು ಭವಿಷ್ಯತ್ಕಾಲದ ಸಹಾಯಕಗಳಾಗಿವೆ. ಸ್ವತಂತ್ರ ಸ್ವರಾಘಾತವಿಲ್ಲದ ಇವು ವಾಕ್ಯದ ಎರಡನೆಯ ಸ್ಥಾನಕ್ಕೆ ಅಂಟಿಕೊಳ್ಳುತ್ತವೆ: ‘ಯಾ ಚು ದೊಚಿ’, ನಾನು ಬರುವೆನು. ‘ಕೆಲಸ ಮಾಡುವೆನು’ ಎಂಬುದನ್ನು ಕ್ರೊಯೇಶಿಯನ್ ಬರಹವು ‘ರಾದಿತ್ ಚು’ ಎಂದು ಬಿಡಿಸಿ ಬರೆದರೆ, ಸರ್ಬಿಯನ್ ಬರಹವು ‘ರಾದಿಚು’ ಎಂದು ಕೂಡಿಸುತ್ತದೆ. ಕಿವಿಗೆ ಎರಡೂ ಒಂದೇ. ಗಡಿ ಇರುವುದು ಕಾಗದದ ಮೇಲೆ.

ನಿಷೇಧದಲ್ಲಿ ಮಾತ್ರ ದೀರ್ಘ, ಹ್ರಸ್ವಗಳ ಭೇದವಿಲ್ಲ. ‘ನೆಚು ದೊಚಿ’ ಎಂದರೆ ‘ಬರುವುದಿಲ್ಲ’ ಎಂದೂ ಆದೀತು, ‘ಬರಲೊಲ್ಲೆ’ ಎಂದೂ ಆದೀತು. ಕನ್ನಡದ ಓದುಗರಿಗೆ ಇದು ಅಪರಿಚಿತವೇನಲ್ಲ. ‘ಒಲ್ಲೆ’ ಎಂಬ ಇಚ್ಛಾನಿಷೇಧವೇ ಸವೆದು, ಉತ್ತರ ಕರ್ನಾಟಕದ ಆಡುನುಡಿಯಲ್ಲಿ ‘ಮಳಿ ಬರವಲ್ದು’ ಎಂದಾಗಿದೆ, ಮಳೆಗೆ ಇಚ್ಛೆಯೆಲ್ಲಿಯದು? ಬೆಲ್‌ಗ್ರೇಡಿನವರೂ ಚಾಲೂ ಆಗದ ಕಾರನ್ನು ಕುರಿತು ಇದೇ ‘ನೆಚೆ’ ಎಂಬ ಪದವನ್ನು ಬಳಸುತ್ತಾರೆ. ಎರಡು ಭಾಷೆಗಳಿಗೆ ಪರಸ್ಪರ ಸಂಬಂಧವಿಲ್ಲ. ಅರ್ಥ ಸವೆಯುವ ದಾರಿ ಮಾತ್ರ ಒಂದೇ.

ಗಡಿಯಾಚೆಗಿನ ನುಡಿಸಮುದಾಯಗಳನ್ನು ಅಭ್ಯಸಿಸುವವರು ಗಮನಿಸಬೇಕಾದ ಸಂಗತಿಯಿರುವುದು ಇಟಲಿಯ ಮೊಲೀಸೆ ಪ್ರಾಂತದಲ್ಲಿ. ಒಟ್ಟೊಮನ್ನರ ಮುನ್ನಡೆಗೆ ಅಂಜಿ ಸುಮಾರು 500 ವರ್ಷಗಳ ಹಿಂದೆ ಏಡ್ರಿಯಾಟಿಕ್ ಸಮುದ್ರ ದಾಟಿದವರ ನುಡಿ ಅಕ್ವವೀವ ಕೊಲ್ಲೆಕ್ರೋಚೆ, ಮೊಂತೆಮೀತ್ರೊ ಮೊದಲಾದ ಹಳ್ಳಿಗಳಲ್ಲಿ ಉಳಿದುಬಂದಿದೆ. ದಕ್ಷಿಣ ಇಟಲಿಯ ಆಡುನುಡಿಗಳಲ್ಲಿ ‘ಹೊಂದಿರು’ ಎಂಬ ಕ್ರಿಯಾಪದವು ಕರ್ತವ್ಯವನ್ನೂ ಭವಿಷ್ಯವನ್ನೂ ಸೂಚಿಸುತ್ತದೆ. ಅದರ ಮಾದರಿಯಲ್ಲಿ ಮೊಲೀಸೆಯ ಸ್ಲಾವಿಕ್ ನುಡಿಯೂ ತನ್ನ ‘ಹೊಂದಿರು’ ಕ್ರಿಯಾಪದದಿಂದ ಇನ್ನೊಂದು ಭವಿಷ್ಯದ್ರೂಪವನ್ನು ಕಟ್ಟಿಕೊಂಡಿತು. ಎರವಲು ಬಂದದ್ದು ಪದವಲ್ಲ, ರಚನೆ.

ಹಾಗೆಂದು ‘ಚು’ ಅಳಿಯಲಿಲ್ಲ. ಈ ನುಡಿಯನ್ನು ದೀರ್ಘಕಾಲ ಅಭ್ಯಸಿಸಿದ ಜರ್ಮನ್ ವಿದ್ವಾಂಸ ವಾಲ್ಟರ್ ಬ್ರಾಯ್ ಅವರ ವಿವರಣೆಯಂತೆ, ನಿಶ್ಚಿತವಾದ, ಆಗಲೇಬೇಕಾದ ಕ್ರಿಯೆಗೆ ಹೊಸ ರೂಪವೂ, ಕೇವಲ ಸಂಭಾವ್ಯವಾದ ಕ್ರಿಯೆಗೆ ಹಳೆಯ ರೂಪವೂ ಹಂಚಿಕೆಯಾದವು. ಶಿಷ್ಟ ಕ್ರೊಯೇಶಿಯನ್ನಿನಲ್ಲಿ ಈ ವ್ಯವಸ್ಥಿತ ಭೇದವಿಲ್ಲ. ‘ಬರುವನು’, ‘ಬಂದಾನು’ ಎಂಬೆರಡನ್ನು ಬೇರ್ಪಡಿಸಬಲ್ಲ ಕನ್ನಡಿಗನಿಗೆ ತಾಯ್ನಾಡಿನ ವ್ಯಾಕರಣಕ್ಕಿಂತ ಆ ಹಳ್ಳಿಗಳ ವ್ಯಾಕರಣವೇ ಹೆಚ್ಚು ಸುಲಭವಾಗಿ ಅರ್ಥವಾದೀತು.